ಒಂದು ಗಂಟೆ ಎರಡು ನಿಮಿಷ

ಸೆಪ್ಟೆಂಬರ್ 9, ಸೋಮವಾರ

ಇವತ್ತಿನಿಂದ ನಾನೂ ಬರೆಯುತ್ತೇನೆ. ನೆಲಮಹಡಿಯ ಆ ಹೆಂಗಸು ಬರೆಯುವುದಾದರೆ ನನ್ನ ಕೈಯೇನು ಬಿದ್ದುಹೋಗಿದೆಯೇ?

ಅವಳು, ಫ್ರೌ ಐಸೆಲೆ, ನನ್ನ ಮೇಲೆ ಸದ್ದಿನ ಪುಸ್ತಕ ಇಟ್ಟಿದ್ದಾಳೆ. ತಾರೀಕು, ಸದ್ದು ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಬಗೆಯ ಸದ್ದು. ಕಟ್ಟಡದ ಮ್ಯಾನೇಜರ್ ಹೆರ್ ರೀಕರ್ ಮೊದಲ ಎರಡು ಹಾಳೆಗಳ ನಕಲು ಕಳಿಸಿದ್ದಾನೆ. "ಮಧ್ಯಾಹ್ನ 1.02ರಿಂದ 3.02. ನೆಲಮಾಳಿಗೆಯಿಂದ ಮೋಟಾರಿನ ಮೊರೆತ. ಬಿಡುವಿಲ್ಲದೆ." ಅದೂ ವಿಶ್ರಾಂತಿಯ ಹೊತ್ತಿನಲ್ಲಂತೆ! ಒಂದರಿಂದ ಮೂರರವರೆಗೆ ಈ ಮನೆಯಲ್ಲಿ ಯಾರೂ ಗೋಡೆಗೆ ಮೊಳೆ ಕೂಡ ಹೊಡೆಯುವಂತಿಲ್ಲ. ಆ ನಿಯಮ ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು. ಆ ಹೊತ್ತಿನಲ್ಲಿ ನಾನು ಮೂರನೇ ಮಹಡಿಯಲ್ಲಿ ಉಂಡು ಸೋಫಾದ ಮೇಲೆ ಒರಗಿರುತ್ತೇನೆ.

ಮೂವತ್ತೆಂಟು ವರ್ಷ ಊರಿನ ನ್ಯಾಯಾಲಯದಲ್ಲಿ ಜಡ್ಜ್ ಕೆಳಗೆ ಕೂತು ಕಂಡವರ ಮಾತನ್ನೆಲ್ಲ ಬರೆದುಕೊಂಡವಳು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಕೈಯ ತುರಿಕೆ ಹೋಗಿಲ್ಲ. ಈಗ ಕಟಕಟೆಯಲ್ಲಿ ನಿಲ್ಲಿಸಲು ನಾನೇ ಸಿಕ್ಕಿದೆ.

ನವೆಂಬರ್ ಎಂಟಕ್ಕೆ ಆರು ಮನೆಯವರ ವಾರ್ಷಿಕ ಸಭೆ. ನಾಲ್ಕನೇ ವಿಷಯ: ನೆಲಮಾಳಿಗೆಯ ಹಳೇ ಬಟ್ಟೆ ಒಣಗಿಸುವ ಕೋಣೆ ಇನ್ನು ಮುಂದೆಯೂ ಗೆಬ್‌ಹಾರ್ಟ್ ಡೀಗೆಲ್ ಬಳಿ, ಅಂದರೆ ನನ್ನ ಬಳಿ, ಇರಬೇಕೋ ಬೇಡವೋ. ಅವಳ ಪುಸ್ತಕ ನಿಜವೆಂದಾದರೆ ಕೋಣೆ ಹೋಯಿತು. ಕೋಣೆ ಹೋದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ನನ್ನ ಸಿಎನ್‌ಸಿ ಯಂತ್ರವೂ ಹೋಯಿತು. ಎರಡು ಕೋಣೆಯ ಮನೆಯಲ್ಲಿ ಅದನ್ನು ಹಾಸಿಗೆಯ ಕೆಳಗೆ ಇಟ್ಟುಕೊಳ್ಳಲೇ? ನಮ್ಮ ಚಾರಣ ಸಂಘದ ಬೆಟ್ಟದ ಮನೆಗೆ ಆಲ್ಪ್ ಬೆಟ್ಟಸಾಲಿನ ಉಬ್ಬು ನಕ್ಷೆ ಮರದಲ್ಲಿ ಕೊರೆದು ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಹನ್ನೆರಡು ಹಲಗೆ. ಮುಗಿದದ್ದು ಐದು.

ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಲವತ್ತೊಂದು ವರ್ಷ ವೈರಿಂಗ್ ಮಾಡಿದ್ದೇನೆ, ಮಾಸ್ಟರ್ ಎಲೆಕ್ಟ್ರಿಷಿಯನ್ ಪ್ರಮಾಣಪತ್ರ ಗೋಡೆಯ ಮೇಲಿದೆ. ತಂತಿಗಳ ಜೊತೆ ಬದುಕಿದವನಿಗೆ ಸುಳ್ಳು ಅಭ್ಯಾಸವಿಲ್ಲ.

ಸೆಪ್ಟೆಂಬರ್ 12, ಗುರುವಾರ

ಸಭೆಯಲ್ಲಿ ತಡವರಿಸಬಾರದು. ಎಲ್ಲವನ್ನೂ ಒಂದು ಸಲ ಬರೆದಿಡುತ್ತೇನೆ.

ಕಳೆದ ವರ್ಷದ ಸಭೆಯಲ್ಲಿ ಇದೇ ಹೆಂಗಸು ಎದ್ದು ನಿಂತಿದ್ದಳು. "ಮರ ಕೊರೆಯೋದಕ್ಕಿಂತ ಆ ಧೂಳು ಎಳೆಯೋ ಮೆಷಿನ್ನಿನ ಗಲಾಟೆನೇ ಜಾಸ್ತಿ. ಕೊರೀದೆ ಇದ್ದಾಗ್ಲೂ ಅದು ಒದರ್ತಾನೇ ಇರತ್ತೆ." ಅದು ನಿಜವಿತ್ತು, ಒಪ್ಪಿಕೊಂಡೆ. ನಾನು ನ್ಯಾಯ ಬಿಟ್ಟವನಲ್ಲ. ಎರಡು ರಿಲೇ ತಂದೆ, ಕೈ ಮುಟ್ಟದೆ ತಾನೇ ನಡೆಯುವ ಸ್ವಿಚ್ಚು. ಮರ ಕೊರೆಯುವ ಸ್ಪಿಂಡಲ್‌ಗೆ ಒಂದು, ಧೂಳು ಹೀರುವ ವ್ಯಾಕ್ಯೂಮ್‌ಗೆ ಒಂದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ನೀಲಿ ಡಬ್ಬಿ, ಒಳಗೊಂದು ಸುರುಳಿ, ಒಂದು ಲೋಹದ ನಾಲಗೆ. ಸುರುಳಿಗೆ ಕರೆಂಟು ಬಂದರೆ ನಾಲಗೆ ಟಕ್ ಎಂದು ಈ ಕಡೆಗೆ, ಹೋದರೆ ಟಕ್ ಎಂದು ಆ ಕಡೆಗೆ. ಇನ್ನು ಮೇಲೆ ಯಂತ್ರದ ಕಂಟ್ರೋಲರ್ ಹೇಳಿದಾಗ ಮಾತ್ರ ವ್ಯಾಕ್ಯೂಮ್ ಓಡಬೇಕು, ಉಳಿದಂತೆ ಬಾಯಿ ಮುಚ್ಚಿಕೊಂಡಿರಬೇಕು.

ವ್ಯಾಕ್ಯೂಮ್ ರಿಲೇ ಮೊದಲು ಉಲ್ಟಾ ನಡೆಯಿತು. ನಿಲ್ಲು ಎಂದರೆ ಓಡುತ್ತಿತ್ತು, ಓಡು ಎಂದರೆ ನಿಲ್ಲುತ್ತಿತ್ತು. ಇಂಟರ್‌ನೆಟ್ ಪಂಡಿತರಾದರೆ ಪ್ರೋಗ್ರಾಂ ತಿದ್ದುತ್ತ ವಾರ ಕಳೆಯುತ್ತಾರೆ. ನಾನು ತಂತಿಯನ್ನು ಈ ತಿರುಪಿನಿಂದ ಬಿಚ್ಚಿ ಪಕ್ಕದ ತಿರುಪಿಗೆ ಹಾಕಿದೆ. ಎರಡು ನಿಮಿಷದ ಕೆಲಸ.

ಎರಡೂ ಮೋಟಾರನ್ನು ಒಂದೇ ಲೈನಿನಲ್ಲಿ ಎಳೆದರೆ ಹಳೇ ಫ್ಯೂಸ್ ಹಾರುತ್ತಿತ್ತು. ಆದ್ದರಿಂದ ವ್ಯಾಕ್ಯೂಮನ್ನು ಪಕ್ಕದ ಬಟ್ಟೆ ಒಗೆಯುವ ಕೋಣೆಯ ಲೈನಿಗೆ ಕೊಟ್ಟೆ. ಇಷ್ಟರ ಮೇಲೆ ಸಭೆಯ ಅಪ್ಪಣೆಯಂತೆ ಒಂದು ಟೈಮರ್. ಒಂದು ಗಂಟೆಗೆ ಕಂಟ್ರೋಲರ್ ಮತ್ತು ಸ್ಪಿಂಡಲ್‌ನ ಕರೆಂಟನ್ನು ಕತ್ತರಿಸುತ್ತದೆ, ಮೂರಕ್ಕೆ ವಾಪಸು ಕೊಡುತ್ತದೆ. ಅದಕ್ಕೆ ರೀಕರ್ ಸೀಸದ ಮುದ್ರೆ ಒತ್ತಿದ್ದಾನೆ, ನಾನು ಮುಟ್ಟುವ ಹಾಗಿಲ್ಲ. ಬ್ಯಾಂಕಿನ ಕೋಣೆಗೂ ಇಷ್ಟು ಬಂದೋಬಸ್ತು ಇರಲಿಕ್ಕಿಲ್ಲ.

ಕೆಲಸ ಮುಗಿದರೆ ವ್ಯಾಕ್ಯೂಮಿನ ಪ್ಲಗ್ ಕೀಳುವುದು ನನ್ನ ಅಭ್ಯಾಸ. ಹಲಗೆ ಅರ್ಧ ಕೊರೆದು ಮಧ್ಯಾಹ್ನಕ್ಕೆ ಉಳಿದಿದ್ದರೆ ಮಾತ್ರ ಎಲ್ಲ ಹಾಗೇ ಬಿಟ್ಟು ಊಟಕ್ಕೆ ಹತ್ತಿಬರುತ್ತೇನೆ. ಇದಕ್ಕಿಂತ ಇನ್ನೇನು ಮಾಡಬೇಕು? ಯಂತ್ರಕ್ಕೆ ಜೋಗುಳ ಹಾಡಬೇಕೇ?

ಸೆಪ್ಟೆಂಬರ್ 20, ಶುಕ್ರವಾರ

ಮಧ್ಯಾಹ್ನ ಒಂದೂ ಹತ್ತು. ಮಸೂರ ಬೇಳೆ, ಸಾಸೇಜಿನ ಮುಂದೆ ಆಗಷ್ಟೇ ಕೂತಿದ್ದೆ. ಬಾಗಿಲು ಬಡಿದರು. ತೆರೆದರೆ ಅವಳು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದಳು, ಕಂಕುಳಲ್ಲಿ ಅದೇ ಪುಸ್ತಕ. ನನ್ನ ಮುಖ ನೋಡಿದಳು, ಮನೆಯ ಚಪ್ಪಲಿ ನೋಡಿದಳು, ಹಿಂದೆ ಮೇಜಿನ ಮೇಲೆ ಹಬೆಯಾಡುವ ತಟ್ಟೆ ನೋಡಿದಳು.

"ನೀವು ಇಲ್ಲಿದ್ದೀರಾ?"

"ಇದು ನನ್ನ ಮನೆ, ಫ್ರೌ ಐಸೆಲೆ. ಇನ್ನೆಲ್ಲಿರ್ಬೇಕಿತ್ತು?"

"ಹಾಗಾದ್ರೆ ಕೆಳಗೆ ಯಾರಿದ್ದಾರೆ? ಬಾಗಿಲು ಬಡಿದು ಬಡಿದು ಸಾಕಾಯ್ತು. ಈಗ್ಲೂ ಓಡ್ತಿದೆ. ಬನ್ನಿ, ನೀವೇ ಬಂದು ಕೇಳಿಸ್ಕೊಳ್ಳಿ."

"ಇದು ವಿಶ್ರಾಂತಿ ಹೊತ್ತು. ಈ ಹೊತ್ನಲ್ಲಿ ನೆಲಮಾಳಿಗೆಗೆ ಕಾಲಿಡಲ್ಲ ಅಂತ ಸಭೇಲಿ ಬರೆದುಕೊಟ್ಟಿದ್ದೀನಿ. ಬರೆಸ್ಕೊಂಡಿದ್ದು ನೀವೇ ಅಲ್ವಾ?"

"ಎರಡೇ ನಿಮಿಷ, ಹೆರ್ ಡೀಗೆಲ್. ಕೀ ತಗೊಂಡು ಬನ್ನಿ."

"ಕಾಲಿಟ್ರೆ ಅದನ್ನೂ ಪುಸ್ತಕದಲ್ಲಿ ಬರೀತೀರಿ. ನಾನೇನು ನಿನ್ನೆ ಹುಟ್ಟಿದೋನಾ? ಮೂರು ಗಂಟೆ ಮೇಲೆ ಬನ್ನಿ, ಎಷ್ಟು ಬೇಕೋ ಅಷ್ಟು ಸದ್ದು ಕೇಳಿಸ್ತೀನಿ."

ಬಾಗಿಲು ಹಾಕಿದೆ. ಮೆಟ್ಟಿಲಿಳಿಯುವ ಹೆಜ್ಜೆ ಬಹಳ ಹೊತ್ತು ಕೇಳುತ್ತಿತ್ತು, ಅಷ್ಟು ನಿಧಾನ. ಊಟ ಆರಿಹೋಗಿತ್ತು. ಮೂರೂ ಕಾಲಿಗೆ ಕೆಳಗೆ ಹೋಗಿ ನೋಡಿದರೆ ಒಂದು ನೊಣದ ಸದ್ದೂ ಇಲ್ಲ. ಬೆಳಿಗ್ಗೆ ಅರ್ಧ ಕೊರೆದುಬಿಟ್ಟ ಹಲಗೆ ಹಾಗೇ ಮಲಗಿತ್ತು. ಎಂಥ ನಾಟಕ!

ಅಕ್ಟೋಬರ್ 2, ಬುಧವಾರ

ಸಿಕ್ಕಿಬಿದ್ದಳು.

ರೀಕರ್ ಇಡೀ ಪುಸ್ತಕದ ನಕಲು ಕೊಟ್ಟ. ಕೆಂಪು ಪೆನ್ಸಿಲ್ ಹಿಡಿದು ಬೆಳಗಿನಿಂದ ಕೂತೆ. ಪ್ರತಿ ಸಲ 1.02, ಪ್ರತಿ ಸಲ 3.02. ಒಂದು ದಿನವೂ 1.05 ಇಲ್ಲ, ಒಂದು ದಿನವೂ 2.40 ಇಲ್ಲ. ಯಾವ ಮನುಷ್ಯ ಹೀಗೆ ಕೆಲಸ ಮಾಡುತ್ತಾನೆ? ನಿಜವಾದ ಸದ್ದು ಬರುತ್ತದೆ, ಹೋಗುತ್ತದೆ, ಕೆಮ್ಮುತ್ತದೆ, ಮಧ್ಯೆ ಮೂತ್ರಕ್ಕೆ ಎದ್ದು ಹೋಗುತ್ತದೆ. ಒಂದು ಗಂಟೆ ಎಂದು ಬರೆದರೆ ಯಾರೂ ನಂಬುವುದಿಲ್ಲವೆಂದು ಎರಡು ನಿಮಿಷ ಸೇರಿಸಿದ್ದಾಳೆ, ಅಷ್ಟು ಜಾಣತನ. ಆಮೇಲೆ ಆ ಎರಡನ್ನು ಬದಲಿಸಲು ಮರೆತಿದ್ದಾಳೆ.

ರೀಕರ್‌ಗೆ ಪತ್ರ ಬರೆದೆ. ಒಂದು, ಮುದ್ರೆಯೊತ್ತಿದ ಟೈಮರ್ ಆ ಹೊತ್ತಿನಲ್ಲಿ ಯಂತ್ರಕ್ಕೆ ಕರೆಂಟನ್ನೇ ಕೊಡುವುದಿಲ್ಲ. ಎರಡು, ಸೆಪ್ಟೆಂಬರ್ 20ರಂದು ಸ್ವತಃ ಫ್ರೌ ಐಸೆಲೆ ನನ್ನನ್ನು ಮೂರನೇ ಮಹಡಿಯಲ್ಲಿ ಕಂಡಿದ್ದಾರೆ. ಮೂರು, "ಈ ಸದ್ದು ಕಿವಿಯಿಂದ ಬಂದದ್ದಲ್ಲ, ಕಾರ್ಬನ್ ಕಾಗದದಿಂದ ಬಂದದ್ದು." ಈ ವಾಕ್ಯಕ್ಕೆ ನಾನೇ ಎರಡು ಸಲ ನಕ್ಕೆ. ಕೆಳಗೆ ಮಾಸ್ಟರ್ ಎಲೆಕ್ಟ್ರಿಷಿಯನ್ ಎಂದು ಬರೆದು ಸಹಿ ಹಾಕಿದೆ. ನಕಲನ್ನು ಐದೂ ಮನೆಯ ಅಂಚೆ ಡಬ್ಬಿಗೆ ಹಾಕಿದೆ. ಅವಳ ಡಬ್ಬಿಗೂ.

ಅಕ್ಟೋಬರ್ 8, ಮಂಗಳವಾರ

ಏಳನೇ ಹಲಗೆ ಶುರು. ಮಧ್ಯಾಹ್ನ ಮೂರೂ ಹತ್ತಕ್ಕೆ ಇಳಿದು ವ್ಯಾಕ್ಯೂಮಿನ ಚೀಲ ಬದಲಿಸಲು ಹೋದರೆ ಅದರ ಮೈ ಬಿಸಿ ಬಿಸಿ. ಮನೆಯ ಹೀಟರ್ ಈ ವಾರ ಚಾಲೂ ಮಾಡಿದ್ದಾರೆ, ಪೈಪು ಪಕ್ಕದಲ್ಲೇ ಹಾದುಹೋಗುತ್ತದೆ. ಈ ಮನೆಯಲ್ಲಿ ಯಾವುದೂ ನೆಟ್ಟಗಿಲ್ಲ.

ಅಕ್ಟೋಬರ್ 15, ಮಂಗಳವಾರ

ಹೆರ್ ರೀಕರ್ ಹೇಳದೆ ಕೇಳದೆ ಬಂದಿದ್ದ. ನನ್ನ ಬಳಿಗಲ್ಲ, ಅವಳ ಬಳಿಗೆ. ಒಂದಕ್ಕೆ ಐದು ನಿಮಿಷ ಇರುವಾಗ ಅವಳ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತನಂತೆ. ಎರಡು ಗಂಟೆಯವರೆಗೂ ಕೂತನಂತೆ. ಒಂದು ಪಿಸುಮಾತೂ ಕೇಳಲಿಲ್ಲ.

ಎಲ್ಲಿಂದ ಕೇಳಬೇಕು? ಏಳನೇ ಹಲಗೆ ಹನ್ನೆರಡಕ್ಕೇ ಮುಗಿದಿತ್ತು. ನಾನು ಪ್ಲಗ್ ಕಿತ್ತು, ಗುಡಿಸಿ, ಬೀಗ ಹಾಕಿ, ಮೇಲೆ ಬಂದು ಮಲಗಿದ್ದೆ.

ಹೋಗುವ ಮುಂಚೆ ರೀಕರ್ ನನ್ನ ಬಾಗಿಲಿಗೂ ಬಂದ. "ಪಾಪ, ಕೂತಲ್ಲೇ ನೆಲ ನೋಡ್ತಿದ್ರು ಹೆರ್ ಡೀಗೆಲ್. 'ಇರಿ, ಬರತ್ತೆ, ಈಗ ಬರತ್ತೆ' ಅಂತ ನಾಲ್ಕು ಸಲ ಅಂದ್ರು. ಆಮೇಲೆ ಪುಸ್ತಕ ಮುಚ್ಚಿಟ್ರು."

"ಪಾಪ ಅಂತೆ! ನನ್ನ ಕೋಣೆ ಹೋಗೋ ಹಾಗಿದ್ದಾಗ ನಿಮಗೆ ಪಾಪ ಅನ್ನಿಸ್ತಾ?" ಎಂದೆ. ಅವನು ಟೋಪಿ ಹಾಕಿಕೊಂಡು ಹೊರಟ.

ಅಕ್ಟೋಬರ್ 18, ಶುಕ್ರವಾರ

ಚಾರಣ ಸಂಘದವರ ಜೊತೆ ಹೊಸ ವೈನ್, ಈರುಳ್ಳಿ ಕೇಕ್. ಮೊದಲ ಮಹಡಿಯ ಲೋಥಾರ್ ಎದ್ದು ನಿಂತು ನನ್ನ ಪತ್ರವನ್ನು ಎಲ್ಲರಿಗೂ ಓದಿ ಹೇಳಿದ. ಆಮೇಲೆ, "ಗೆಬ್‌ಹಾರ್ಟ್, ಆಯಮ್ಮನ ಕಿವಿಯೊಳಗೇ ನಿನ್ನ ವ್ಯಾಕ್ಯೂಮ್ ಓಡ್ತಿರ್ಬೇಕು ಕಣೋ! ಒಳಗೆ ಧೂಳು ಜಾಸ್ತಿ ಇರತ್ತೆ, ಓಡ್ಲಿ ಬಿಡು" ಅಂದ. ಇಡೀ ಮೇಜು ನಕ್ಕಿತು. ನಾನೂ ನಕ್ಕೆ. ಈಗ ಮನೆಯವರೆಲ್ಲ ಆಕೆಯನ್ನು ಮೆಟ್ಟಿಲಲ್ಲಿ ಕಂಡರೆ ಕಿವಿಯ ಬಳಿ ಬೆರಳು ತಿರುಗಿಸುತ್ತಾರಂತೆ. ಒಳ್ಳೆಯದಾಯಿತು.

ಅಕ್ಟೋಬರ್ 24, ಗುರುವಾರ

ಅಂಚೆ ಡಬ್ಬಿಯಲ್ಲಿ ಆಕೆಯ ಕೈಬರಹದ ಚೀಟಿ. ಐದೂ ಮನೆಗೆ ಬಂದಿದೆ.

"ಕಿವಿಯ ವೈದ್ಯರನ್ನು ಕಂಡೆ. ಈ ವಯಸ್ಸಿನಲ್ಲಿ ಇಲ್ಲದ ಮೊರೆತ ಕೇಳಿಸುವುದು ಸಾಮಾನ್ಯವೆಂದರು. ನಾನು ಬರೆದದ್ದಕ್ಕೆ ನಾನೇ ಸಾಕ್ಷಿ ನಿಲ್ಲಲಾರೆ. ದೂರನ್ನು ಹಿಂತೆಗೆದುಕೊಂಡಿದ್ದೇನೆ. ಹೆರ್ ಡೀಗೆಲ್ ಅವರಿಗೆ ಆದ ತೊಂದರೆಗೆ ವಿಷಾದಿಸುತ್ತೇನೆ. ರೋಸ್ವಿಥಾ ಐಸೆಲೆ."

ಗೆದ್ದೆ. ನಾಲ್ಕನೇ ವಿಷಯವನ್ನು ಕೈಬಿಡುವುದಾಗಿ ರೀಕರ್ ಫೋನ್ ಮಾಡಿದ. ಕೋಣೆ ನನ್ನದು, ಹನ್ನೆರಡು ಹಲಗೆಯೂ ಆಗುತ್ತದೆ. ಸಂಜೆ ಒಬ್ಬನೇ ಒಂದು ಬಿಯರ್ ತೆರೆದೆ. ಚೀಟಿಯನ್ನು ಎಸೆಯೋಣವೆಂದುಕೊಂಡೆ, ಎಸೆಯಲಿಲ್ಲ. ಒಂದು ಅಕ್ಷರ ಕೂಡ ಗೆರೆಯಿಂದ ಆಚೀಚೆ ಹೋಗಿಲ್ಲ. ಹೀಗೆ ಬರೆಯುವವರು ಈಗ ಯಾರಿದ್ದಾರೆ.

ಅಕ್ಟೋಬರ್ 28, ಸೋಮವಾರ

ಎಂಟನೇ ಹಲಗೆ. ಹನ್ನೊಂದೂವರೆಗೆ ಶುರು ಮಾಡಿದೆ. ಒಂದರ ಒಳಗೆ ಅರ್ಧ ಆಗುತ್ತದೆ, ಉಳಿದದ್ದು ಮೂರರ ಮೇಲೆ. ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಬ್ರೆಟ್ಸೆಲ್ ರೊಟ್ಟಿ ಮುರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಸ್ಪಿಂಡಲ್ ಕುಯ್ಗುಟ್ಟಿ ನಿಂತಿತು. ಪರದೆ ಕಪ್ಪಾಯಿತು. ಕೊರೆಯುವ ಅಲಗು ಮರದೊಳಗೇ ಸಿಕ್ಕಿಕೊಂಡಿತು.

ಗಡಿಯಾರ ನೋಡಿದೆ, ಹನ್ನೆರಡೂ ಎರಡು. ತಕ್ಷಣ ಗೊತ್ತಾಯಿತು. ನಿನ್ನೆ ಚಳಿಗಾಲಕ್ಕೆಂದು ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ. ಮುದ್ರೆ ಒತ್ತಿದ ಟೈಮರನ್ನು ಯಾರು ತಿರುಗಿಸಬೇಕು? ಅದು ಇನ್ನೂ ಬೇಸಿಗೆಯಲ್ಲೇ ಇದೆ. ಎಂಟನೇ ಹಲಗೆ ಹಾಳು. ರೀಕರನಿಗೆ ಗಟ್ಟಿಯಾಗಿ ನಾಲ್ಕು ಬೈದೆ. ಬೈದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಯಾಕೆ ಕೇಳಿಸಲಿಲ್ಲವೆಂದರೆ ವ್ಯಾಕ್ಯೂಮ್ ಓಡುತ್ತಿತ್ತು.

ಕಂಟ್ರೋಲರ್ ಸತ್ತಿದೆ, ಸ್ಪಿಂಡಲ್ ಸತ್ತಿದೆ, ವ್ಯಾಕ್ಯೂಮ್ ಮಾತ್ರ ಮೊರೆಯುತ್ತಿದೆ. ಬ್ರೆಟ್ಸೆಲ್ ಕೈಯಲ್ಲೇ ಇತ್ತು.

ವೈರಿಂಗ್ ಕಲಿಯಲು ಬಂದ ಮೊದಲ ವಾರದವರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ ಇದು. ಉಲ್ಟಾ ನಡೆಯುತ್ತದೆಂದು ತಂತಿಯನ್ನು ಪಕ್ಕದ ತಿರುಪಿಗೆ ಹಾಕಿದೆನಲ್ಲ, ಅಂದಿನಿಂದ ಸುರುಳಿಗೆ ಕರೆಂಟು ಇರುವಷ್ಟು ಹೊತ್ತು ಮಾತ್ರ ವ್ಯಾಕ್ಯೂಮ್ ಸುಮ್ಮನಿರುತ್ತದೆ. ಆ ಕರೆಂಟು ಬರುವುದು ಕಂಟ್ರೋಲರಿನಿಂದ. ಅದು ಹೋದರೆ ನಾಲಗೆ ಬಿಡುತ್ತದೆ, ವ್ಯಾಕ್ಯೂಮ್ ಓಡುತ್ತದೆ. ವ್ಯಾಕ್ಯೂಮಿನದು ಬೇರೆ ಲೈನು, ಅದಕ್ಕೆ ಟೈಮರಿನ ಹಂಗಿಲ್ಲ. ವಿಶ್ರಾಂತಿಯ ಹೊತ್ತಾಯಿತೆಂದು ಟೈಮರ್ ಯಂತ್ರವನ್ನು ಮಲಗಿಸಿದಾಗಲೆಲ್ಲ ವ್ಯಾಕ್ಯೂಮನ್ನು ಎಬ್ಬಿಸಿದೆ. ಮೂರಕ್ಕೆ ಕರೆಂಟು ಬಂದ ಕೂಡಲೇ ಬಾಯಿ ಮುಚ್ಚಿಸಿದೆ. ಆಮೇಲೆ ನಾನು ಇಳಿದು ಬಂದು, ನೊಣದ ಸದ್ದೂ ಇಲ್ಲವೆಂದು ಬರೆದುಕೊಂಡಿದ್ದೇನೆ.

ಆ ಎರಡು ನಿಮಿಷ ಟೈಮರಿನ ನಿಧಾನ. ಅದರ ಮುಳ್ಳು ಎರಡು ನಿಮಿಷ ಹಿಂದೆ ಇದೆ.

ಒಂದಕ್ಕೆ ಮುಂಚೆ ಪ್ಲಗ್ ಕಿತ್ತೆ. ಮೇಲೆ ಬಂದು ಆಕೆಯ ಪುಸ್ತಕದ ನಕಲನ್ನೂ ನನ್ನ ಕೆಲಸದ ಟಿಪ್ಪಣಿಯನ್ನೂ ಅಕ್ಕಪಕ್ಕ ಇಟ್ಟೆ. ಅರ್ಧ ಹಲಗೆ ಬಿಟ್ಟು ಬಂದ ದಿನಗಳಲ್ಲೆಲ್ಲ ಆಕೆ ಬರೆದಿದ್ದಾಳೆ. ಪ್ಲಗ್ ಕಿತ್ತ ದಿನಗಳಲ್ಲಿ ಒಂದನ್ನೂ ಬರೆದಿಲ್ಲ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರು. ನನ್ನ ಇಡೀ ವೃತ್ತಿಯಲ್ಲಿ ಯಾವ ಇಂಜಿನಿಯರನೂ ಇಂಥ ದೋಷದ ಪಟ್ಟಿ ಮಾಡಿಕೊಟ್ಟಿಲ್ಲ.

ಮೂರರ ಮೇಲೆ ಹೋಗಿ ತಂತಿಯನ್ನು ಹಳೇ ತಿರುಪಿಗೆ ಹಾಕಿ, ಪ್ರೋಗ್ರಾಂನಲ್ಲಿ ಒಂದು ಅಂಕಿ ತಿದ್ದಿದೆ. ಹತ್ತು ನಿಮಿಷ ಹಿಡಿಯಿತು. ಈಗ ಸರಿಯಾಗಿದೆ.

ಅಕ್ಟೋಬರ್ 29, ಮಂಗಳವಾರ

ರೀಕರ್ ಬಂದು ಟೈಮರನ್ನು ಚಳಿಗಾಲಕ್ಕೆ ತಿರುಗಿಸಿ ಹೊಸ ಮುದ್ರೆ ಒತ್ತಿದ. "ಎಲ್ಲ ಸರಿಯಾಗಿದೆಯಲ್ಲಾ?" ಎಂದ. "ಎಲ್ಲ ಸರಿಯಾಗಿದೆ" ಎಂದೆ. ಅದು ಸುಳ್ಳಲ್ಲ.

ಅಕ್ಟೋಬರ್ 31, ಗುರುವಾರ

ಎಂಟನೇ ಹಲಗೆಗೆ ಹೊಸ ಮರ ತಂದೆ. ಪಿಯರ್ ಹಣ್ಣಿನ ಮರ. ಎಳೆ ಚೆನ್ನಾಗಿದೆ.

ನವೆಂಬರ್ 1, ಶುಕ್ರವಾರ

ರಜೆ. ಮಂಜು. ಹೊರಗೆ ಹೋಗಲಿಲ್ಲ.

ದೂರನ್ನು ಹಿಂತೆಗೆದುಕೊಂಡದ್ದು ಆಕೆ. ನಾನು ಹಿಂತೆಗೆದುಕೊಳ್ಳಿ ಎಂದು ಕಾಲು ಹಿಡಿದಿರಲಿಲ್ಲ. ಆದದ್ದು ಆಯಿತು, ಸದ್ದು ನಿಂತಿತು. ಸದ್ದು ನಿಲ್ಲಬೇಕೆಂದಲ್ಲವೇ ಇಷ್ಟೆಲ್ಲ?

ನವೆಂಬರ್ 3, ಭಾನುವಾರ

ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಒಂದು ಪ್ರಕಟಣೆ ಓದಿದರು. ಚರ್ಚಿನ ಮಂಡಳಿಯ ಸಭೆಗಳ ನಡಾವಳಿಯನ್ನು ಇಪ್ಪತ್ತೆರಡು ವರ್ಷ ಬರೆದುಕೊಂಡ ಫ್ರೌ ಐಸೆಲೆ ಆ ಜವಾಬ್ದಾರಿ ಬಿಟ್ಟಿದ್ದಾರೆ. "ತಮ್ಮ ಕಿವಿಗಳ ಮೇಲೆ ತಮಗೆ ಭರವಸೆ ಉಳಿದಿಲ್ಲವೆಂದು ಅವರು ಪ್ರಾಮಾಣಿಕವಾಗಿ ತಿಳಿಸಿದ್ದಾರೆ" ಎಂದರು. ಇನ್ನೊಬ್ಬರನ್ನು ಆಗಲೇ ನೇಮಿಸಿ ಆಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಎರಡನೇ ಸಾಲಿನಲ್ಲಿ ಕೂತಿದ್ದರು, ಹಿಂದಿನಿಂದ ಟೋಪಿ ಮಾತ್ರ ಕಾಣುತ್ತಿತ್ತು. ಲೋಥಾರ್ ನನ್ನ ಪಕ್ಕೆಗೆ ತಿವಿದ. ಅವನ ಮೊಣಕೈ ಮುರಿಯಬೇಕೆನಿಸಿತು.

ನವೆಂಬರ್ 5, ಮಂಗಳವಾರ

ಮೆಟ್ಟಿಲು ಗುಡಿಸುವ ವಾರ ನನ್ನದು. ನೆಲಮಹಡಿಗೆ ಬಂದಾಗ ಅವರು ಬಾಗಿಲು ತೆರೆದರು. ಗುಡಿಸಿದ್ದು ಸರಿಯಿಲ್ಲ ಎಂದು ಶುರು ಮಾಡುತ್ತಾರೆಂದುಕೊಂಡೆ. ಪ್ರತಿ ಸಲ ಅದೇ ಅಲ್ಲವೇ.

"ಹೆರ್ ಡೀಗೆಲ್, ನಿನ್ನೆ ಮಧ್ಯಾಹ್ನ ನಿಮಗೇನಾದ್ರೂ ಸದ್ದು ಕೇಳಿಸ್ತಾ?"

"ಇಲ್ಲ."

"ನಂಗೂ ಕೇಳಿಸ್ಲಿಲ್ಲ. ಒಂದು ವಾರ ಆಯ್ತು, ಕೇಳಿಸೇ ಇಲ್ಲ." ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ತಲೆ ಸುತ್ತತ್ತೆ, ಆದ್ರೆ ಕೆಲಸ ಮಾಡ್ತಿದೆ ಅನ್ಸತ್ತೆ."

ನಾನು ಪೊರಕೆ ಹಿಡಿದು ನಿಂತಿದ್ದೆ. "ಒಳ್ಳೇದಾಯ್ತು" ಎಂದೆ. ಬಾಯಿಂದ ಅದೇ ಬಂತು. ಅವರು ತಲೆಯಾಡಿಸಿ ಬಾಗಿಲು ಹಾಕಿದರು. ಬಾಗಿಲು ಹಾಕಿದ್ದು ಹನ್ನೊಂದೂ ನಲವತ್ತಕ್ಕೆ.

ನವೆಂಬರ್ 7, ಗುರುವಾರ

ಏನೂ ಮಾಡಲಿಲ್ಲ. ಯಂತ್ರ ಮುಟ್ಟಲಿಲ್ಲ. ಹಾಳು ಹೆಂಗಸು, ಬೈಯುತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ನವೆಂಬರ್ 8, ಶುಕ್ರವಾರ

ಸಭೆ ಸಂಜೆ ಐದಕ್ಕೆ, ಮೂಲೆಯ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಆರು ಮನೆಯವರೂ ಬಂದಿದ್ದರು. ರೀಕರ್ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ನಡಾವಳಿ ಟೈಪ್ ಮಾಡುತ್ತಿದ್ದ. ಚಾವಣಿ, ಕಸದ ಡಬ್ಬಿ, ಹೀಟರ್. ಆಮೇಲೆ, "ನಾಲ್ಕನೇ ವಿಷಯ ಕೈಬಿಡಲಾಗಿದೆ. ಐದನೇದು..."

"ಕೈಬಿಡ್ಬೇಡಿ" ಎಂದು ಎದ್ದು ನಿಂತೆ. ಲೋಥಾರ್ ನನ್ನ ಅಂಗಿಯ ತೋಳು ಎಳೆದ. "ಕೂತ್ಕೊಳೋ ಮಾರಾಯ, ಗೆದ್ದಾಯ್ತಲ್ಲ!"

ಹೇಳಿದೆ. ರಿಲೇ, ತಿರುಪು, ಬೇರೆ ಲೈನು, ಟೈಮರ್, ಎಲ್ಲ. ಬಹಳ ಹೊತ್ತು ಹಿಡಿಯಲಿಲ್ಲ. ಫ್ರೌ ಐಸೆಲೆ ಬರೆದ ಇಪ್ಪತ್ತಮೂರು ದಿನವೂ ವ್ಯಾಕ್ಯೂಮ್ ಓಡಿದ್ದು ನಿಜ, ಅವರ ಕಿವಿಗೆ ಏನೂ ಆಗಿಲ್ಲ, ಆ ಪತ್ರದಲ್ಲಿ ನಾನು ಬರೆದದ್ದು ತಪ್ಪು ಎಂದೆ. ರೀಕರನ ಬೆರಳು ಓಡುತ್ತಿತ್ತು.

ಅವರು ಮೇಜಿನ ಆ ತುದಿಯಲ್ಲಿ ಕೋಟು ಕಳಚದೆ ಕೂತಿದ್ದರು. ಅಳುತ್ತಾರೇನೋ ಎಂದು ಹೆದರಿದ್ದೆ. ಅಳಲಿಲ್ಲ.

"ಇಪ್ಪತ್ತಮೂರಲ್ಲ" ಎಂದರು. "ಇಪ್ಪತ್ನಾಲ್ಕು. ಆಗಸ್ಟ್ ಮೂವತ್ತನ್ನ ಬಿಟ್ಬಿಟ್ರಿ."

"ಇಪ್ಪತ್ನಾಲ್ಕು" ಎಂದೆ.

"ಇನ್ನೊಂದು ಪ್ರಶ್ನೆ. ಇದು ನಿಮಗೆ ಗೊತ್ತಾಗಿದ್ದು ಯಾವತ್ತು?"

ನಿನ್ನೆ ಎನ್ನಬಹುದಿತ್ತು. ನೆಲಮಾಳಿಗೆಯಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಹಾಗೆಂದಿದ್ದರೆ, ತಪ್ಪು ಕಂಡ ಮರುದಿನವೇ ಎದ್ದು ಒಪ್ಪಿಕೊಂಡ ಪ್ರಾಮಾಣಿಕ ಮನುಷ್ಯ ಎಂದು ರೀಕರ್ ಟೈಪ್ ಮಾಡುತ್ತಿದ್ದ, ಬಹುಶಃ ಕೋಣೆಯೂ ಉಳಿಯುತ್ತಿತ್ತು. ನಿನ್ನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು, ಮೂವತ್ತೆಂಟು ವರ್ಷ ಸಾಕ್ಷಿಗಳ ಬಾಯಿ ನೋಡಿದ ಹಾಗೆ.

"ಅಕ್ಟೋಬರ್ ಇಪ್ಪತ್ತೆಂಟು, ಸೋಮವಾರ. ಮಧ್ಯಾಹ್ನ ಹನ್ನೆರಡೂ ಎರಡು."

ರೀಕರನ ಬೆರಳು ನಿಂತಿತು.

"ಹನ್ನೊಂದು ದಿನ" ಎಂದರು ಅವರು.

"ಹೌದು."

"ಈ ಮಂಗಳವಾರ ಮೆಟ್ಟಿಲ ಹತ್ರ ನಾನು ನಿಮ್ಮನ್ನ ಕೇಳ್ದೆ."

"ಕೇಳಿದ್ರಿ."

"ಏನಂದ್ರಿ?"

"ಒಳ್ಳೇದಾಯ್ತು ಅಂದೆ."

"ಅದನ್ನೂ ಹಾಕ್ಕೊಳ್ಳಿ, ಹೆರ್ ರೀಕರ್. ಅವರಂದ ಹಾಗೇ."

ರೀಕರ್ ಹಾಕಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, ಕೋಣೆಯನ್ನು ವಾಪಸು ತೆಗೆದುಕೊಳ್ಳಬೇಕು ಅನ್ನುವವರು ಕೈ ಎತ್ತಿ ಎಂದ. ಯಾರೂ ಎತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪು ಒಪ್ಪಿಕೊಂಡವನ ಮೇಲೆ ಕೈ ಎತ್ತಲು ನಮ್ಮ ಜನಕ್ಕೆ ನಾಚಿಕೆ. ಲೋಥಾರ್ ಆಗಲೇ ನಗಲು ಶುರು ಮಾಡಿದ್ದ.

"ಮೂವತ್ತೆಂಟು ವರ್ಷ ಬರೀ ಬರ್ಕೊಂಡೆ" ಎಂದರು ಫ್ರೌ ಐಸೆಲೆ. "ಒಂದು ದಿನಾನೂ ತೀರ್ಪು ಕೊಟ್ಟವಳಲ್ಲ. ಇವತ್ತು ಕೊಡ್ತೀನಿ."

ಕೈ ಎತ್ತಿದರು. ಆಮೇಲೆ ಒಂದೊಂದಾಗಿ ಮೂರು ಕೈ ಎದ್ದವು. ಕೊನೆಗೆ ಲೋಥಾರನದೂ ಎದ್ದಿತು, ನನ್ನ ಕಡೆ ನೋಡದೆ. ರೀಕರ್ ನಡಾವಳಿಯನ್ನು ಪ್ರಿಂಟ್ ತೆಗೆದು ನನ್ನ ಮುಂದೆ ಇಟ್ಟ. ಪೂರ್ತಿ ಓದಿದೆ. ತಪ್ಪು ಒಂದೂ ಇರಲಿಲ್ಲ. ಸಹಿ ಹಾಕಿದೆ.